ದಫ್ ನಿಲ್ಲಿಸಿದವರಿಗೆ ಒಂದು ಬಹಿರಂಗ ಪತ್ರ

ಮದ್‌ಹ್ ಮಜ್ಲಿಸ್ (ಪ್ರವಾದಿಯವರನ್ನು ಹೊಗಳಿ ಹಾಡುವ ಸಭೆ) ನಡೆಸುವ ಸಮಿತಿಯವರಿಗೆ, ವೇದಿಕೆ ಮೇಲಿದ್ದ ಉಸ್ತಾದರಿಗೆ, ನಾತ್ (ಪ್ರವಾದಿಯವರ ಸ್ತುತಿಗೀತೆ) ಹಾಡುವ ಮತ್ತು ರೆಕಾರ್ಡ್ ಮಾಡುವ ಎಲ್ಲ ಸಹೋದರರಿಗೆ,

ಅಸ್ಸಲಾಮು ಅಲೈಕುಮ್.

ನಾನು ಆಲಿಮ್ (ಧರ್ಮ ಪಂಡಿತ) ಅಲ್ಲ. ಕೊನೆ ಸಾಲಿನಲ್ಲಿ ಗೋಡೆಗೆ ಒರಗಿ ಕೂತು ಕೇಳುವವನು. ಫತ್ವಾ ಕೊಡುವ ಯೋಗ್ಯತೆ ನನಗಿಲ್ಲ, ಆ ಆಸೆಯೂ ಇಲ್ಲ. ಹೋದ ಸಲದ ಮಜ್ಲಿಸ್‌ನಲ್ಲಿ ಕಣ್ಣಾರೆ ಕಂಡದ್ದೊಂದು ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಈ ಪತ್ರ.

ಹದಿಮೂರೋ ಹದಿನಾಲ್ಕೋ ವಯಸ್ಸಿನ ಒಬ್ಬ ಹುಡುಗ ದಫ್ ತಂದಿದ್ದ, ಒಂದು ಕಡೆ ಚರ್ಮ ಬಿಗಿದ ದುಂಡನೆಯ ಕೈವಾದ್ಯ. ತನ್ನ ಸರದಿ ಬರುವ ತನಕ ನನ್ನ ಪಕ್ಕದಲ್ಲೇ ಕೂತಿದ್ದ. ಬಟ್ಟೆ ಚೀಲದಿಂದ ಅದನ್ನು ತೆಗೆದಾಗ ನೋಡಿದೆ, ಮರದ ಚೌಕಟ್ಟಿನಲ್ಲಿ ಅಲ್ಲಲ್ಲಿ ಸೀಳುಗಳಿದ್ದವು, ಒಳಗೆ ಬಿಲ್ಲೆಗಳಿರಲಿಲ್ಲ. ಬರೀ ಮೊಳೆ ಕಿತ್ತ ತೂತು. ಯಾಕೆ ಅಂತ ಕೇಳಿದೆ. "ಗಿಲಗಿಲ ಅನ್ನೋ ಬಿಲ್ಲೆ ಇರಬಾರದು ಅಂದ್ರು, ಕಿತ್ತಾಕಿದೆ" ಅಂದ. ಮಧ್ಯಾಹ್ನವೆಲ್ಲ ಬಿಸಿಲಿಗೆ ಇಟ್ಟು ಚರ್ಮ ಬಿಗಿ ಮಾಡಿಕೊಂಡು ಬಂದಿದ್ದನಂತೆ. ಬೆರಳ ತುದಿಯಿಂದ ಒಂದು ಸಲ ತಟ್ಟಿ ತೋರಿಸಿದ. ಒಳ್ಳೆ ಗುಂಡಗಿನ ಸದ್ದು.

ವೇದಿಕೆಗೆ ಹೋಗಿ ಎರಡು ಸಾಲು ಹಾಡಿದ್ದನೋ ಇಲ್ಲವೋ, ಮೈಕ್ ಆಫ್ ಆಯಿತು. "ಇದು ಪ್ರವಾದಿಯವರ ಮಜ್ಲಿಸ್, ತಮಾಷೆಯಲ್ಲ" ಅಂತ ಒಬ್ಬರು ಎಲ್ಲರೆದುರೇ ಗದರಿದರು. ಹುಡುಗ ಏನೂ ಹೇಳದೆ ಇಳಿದು ಬಂದ. ದಫ್ ಅನ್ನು ತೊಡೆ ಕೆಳಗೆ ಸರಿಸಿಕೊಂಡು ಕೂತ.

ಹತ್ತು ನಿಮಿಷ ಕಳೆದಿರಬಹುದು. ಮುಂದಿನ ಹಾಡುಗಾರರು ಬರುವುದು ತಡವಾಯಿತು ಅಂತ ರೆಕಾರ್ಡ್ ಆದ ಒಂದು ನಾತ್ ಹಾಕಿದಿರಿ. "ಸಂಗೀತ ಇಲ್ಲದ್ದು, ಬರೀ ಧ್ವನಿ" ಅಂತ ಮೊದಲೇ ಹೇಳಿಬಿಟ್ಟರು, ಎಲ್ಲರಿಗೂ ಸಮಾಧಾನ. ಶುರುವಾದಾಗ ಸ್ಪೀಕರ್‌ನಿಂದ ದುಮ್ ದುಮ್ ಅಂತ ಎಂಥಾ ಪೆಟ್ಟು! ಕೂತ ಚಾಪೆ ಅದುರಿತು. ಕಿವಿಗೊಟ್ಟು ಕೇಳಿದೆ. ಆ ಪೆಟ್ಟು ಡೋಲಿನದ್ದಲ್ಲ. ಅದು ಅಲ್ಲಾಹನ ಹೆಸರು. ಯಾರೋ ಗಂಟಲಿನ ತಳದಿಂದ "ಅಲ್ಲಾಹ್" ಅಂದದ್ದನ್ನು ಕತ್ತರಿಸಿ, ಅರ್ಧ ಹೆಸರು ಉಳಿಸಿಕೊಂಡು, ದಪ್ಪ ಮಾಡಿ, ತಾಳಕ್ಕೆ ಸರಿಯಾಗಿ ಸುತ್ತಿ ಸುತ್ತಿ ಹಾಕಿದ್ದರು. ಅದಕ್ಕೆ ಯಾರೂ ಮೈಕ್ ಆಫ್ ಮಾಡಲಿಲ್ಲ.

ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ನಿಷೇಧದ ಮಾತು ನನಗೂ ಗೊತ್ತು, ಅದನ್ನು ಹಗುರ ಮಾಡುವವನು ನಾನಲ್ಲ. ಕುರ್‌ಆನ್‌ನ ಲುಕ್ಮಾನ್ ಅಧ್ಯಾಯದ 6ನೇ ಆಯತ್‌ನಲ್ಲಿ ಖಂಡಿಸಿರುವ 'ಲಹ್ವಲ್ ಹದೀಸ್' (ದಾರಿ ತಪ್ಪಿಸುವ ಪೊಳ್ಳು ಮಾತು) ಅಂದರೆ ಹಾಡೇ ಅಂತ ಪ್ರವಾದಿಯವರ ಸಂಗಾತಿ ಇಬ್ನು ಮಸ್‌ಊದ್ (ರ) ಆಣೆ ಹಾಕಿ ಹೇಳಿದ್ದು ಕುರ್‌ಆನ್ ವ್ಯಾಖ್ಯಾನದ ತಫ್ಸೀರ್‌ಗಳಲ್ಲಿದೆ. ಇಮಾಮ್ ಬುಖಾರಿಯವರ ಸಂಗ್ರಹದಲ್ಲಿ ಆ ಪ್ರಸಿದ್ಧ ಹದೀಸ್ (ಪ್ರವಾದಿಯವರ ಮಾತು, ನಡೆಯ ವರದಿ) ಇದೆ. ನನ್ನ ಸಮುದಾಯದಲ್ಲಿ ಕೆಲವರು ವ್ಯಭಿಚಾರ, ರೇಷ್ಮೆ, ಮದ್ಯ ಮತ್ತು 'ಮಆಝಿಫ್' ಅಂದರೆ ವಾದ್ಯಗಳನ್ನು ಹಲಾಲ್ ಮಾಡಿಕೊಳ್ಳುತ್ತಾರೆ ಎಂಬುದು. 11ನೇ ಶತಮಾನದ ಇಬ್ನು ಹಝ್ಮ್ ಈ ಹದೀಸ್‌ನ ಸನದ್‌ನಲ್ಲಿ (ಹೇಳಿದವರ ಸರಪಳಿಯಲ್ಲಿ) ಕೊಂಡಿ ಕಳಚಿದೆ ಅಂದರು. ಬುಖಾರಿಯವರು ತಮ್ಮ ಗುರು ಹಿಶಾಮ್ ಇಬ್ನು ಅಮ್ಮಾರ್ "ಹೇಳಿದರು" ಅಂತಷ್ಟೇ ಬರೆದಿದ್ದಾರೆ, "ನಮಗೆ ಹೇಳಿದರು" ಅಂತ ಅಲ್ಲ ಎಂಬ ಸೂಕ್ಷ್ಮವೂ ಅದರಲ್ಲಿದೆ. ಆದರೆ ಇಬ್ನು ಹಜರ್ ಅಸ್ಕಲಾನಿಯವರು ಬೇರೆ ಗ್ರಂಥಗಳಿಂದ ಕೊಂಡಿ ಜೋಡಿಸಿ ತೋರಿಸಿದರು. ಹೆಚ್ಚಿನ ಹದೀಸ್ ಪಂಡಿತರು ಅವರ ಕಡೆಗೇ ಇದ್ದಾರೆ. ನಾಲ್ಕೂ ಮದ್‌ಹಬ್‌ಗಳ (ಸುನ್ನಿ ಧರ್ಮಶಾಸ್ತ್ರ ಪಂಥಗಳ) ಬಹುಮತವೂ ತಂತಿ ಮತ್ತು ಊದುವ ವಾದ್ಯಗಳನ್ನು ಹರಾಮ್ ಅಂತಲೇ ಹೇಳುತ್ತದೆ. ಮಜ್ಲಿಸ್‌ಗೆ ಗಿಟಾರ್ ತಂದರೆ ನಾನೂ ಎದ್ದು ಹೋಗುತ್ತೇನೆ.

ಆದರೆ ದಫ್ ಆ ಸಾಲಿಗೆ ಸೇರುವುದಿಲ್ಲ, ಅಲ್ವಾ?

ಈದ್ ದಿನ ಪ್ರವಾದಿಯವರ ಪತ್ನಿ ಆಯಿಷಾ (ರ) ಅವರ ಕೋಣೆಯಲ್ಲಿ ಇಬ್ಬರು ಹುಡುಗಿಯರು ದಫ್ ಬಡಿದು ಬುಆಸ್ ಎಂಬ ಹಳೆಯ ಯುದ್ಧದ ಹಾಡು ಹಾಡುತ್ತಿದ್ದರು. ಪ್ರವಾದಿಯವರು (ಸ) ಅಲ್ಲೇ ಬಟ್ಟೆ ಹೊದ್ದು ಮಲಗಿದ್ದರು. ಆಯಿಷಾರ ತಂದೆ ಅಬೂಬಕರ್ (ರ) ಬಂದವರೇ ಗದರಿದರು, ಅಲ್ಲಾಹನ ದೂತರ ಮನೆಯಲ್ಲಿ ಶೈತಾನನ ಊದುಗೊಳವೆಯೇ ಅಂತ. ಪ್ರವಾದಿಯವರು ಹೊದಿಕೆ ಸರಿಸಿ, ಬಿಟ್ಟುಬಿಡಿ ಅಬೂಬಕರ್, ಇದು ಈದ್ ದಿನ ಅಂದರು. ಈ ಹದೀಸ್ ಎರಡೂ ಕಡೆಯವರಿಗೂ ಬೇಕು. 'ಶೈತಾನನ' ಎಂಬ ಮಾತನ್ನು ಪ್ರವಾದಿಯವರು ತಪ್ಪು ಅನ್ನಲಿಲ್ಲ, ಈದ್‌ಗೆ ಮಾತ್ರ ವಿನಾಯಿತಿ ಕೊಟ್ಟರು ಅಂತ ಒಬ್ಬರು. ತಪ್ಪಾಗಿದ್ದರೆ ಅವರ ಮನೆಯೊಳಗೇ ನಡೆಯುತ್ತಿತ್ತಾ ಅಂತ ಇನ್ನೊಬ್ಬರು. ನಾನು ನೋಡುವುದು ಬೇರೆಯದು. ಅಂದು ಗದರಿದವರು ಅಬೂಬಕರ್ ಅಂಥವರು, ಅದೂ ಪ್ರೀತಿಯಿಂದ, ಗೌರವದಿಂದ. ಅವರನ್ನೂ ತಡೆದು ಹುಡುಗಿಯರನ್ನು ಅವರ ಪಾಡಿಗೆ ಬಿಡಿ ಅನ್ನಲಾಯಿತು.

ಇನ್ನೊಂದು ಹದೀಸ್, ತಿರ್ಮಿದಿಯವರ ಸಂಗ್ರಹದಲ್ಲಿರುವುದು. ಪ್ರವಾದಿಯವರು ಯುದ್ಧದಿಂದ ಸುರಕ್ಷಿತವಾಗಿ ಮರಳಿದರೆ ದಫ್ ಬಡಿದು ಹಾಡುತ್ತೇನೆ ಅಂತ ಒಬ್ಬ ಹೆಣ್ಣುಮಗಳು ಹರಕೆ ಹೊತ್ತಿದ್ದಳು. ಹರಕೆ ಹೊತ್ತಿದ್ದರೆ ಬಡಿ, ಇಲ್ಲದಿದ್ದರೆ ಬೇಡ ಅಂದರು. ಅವಳು ಬಡಿಯತೊಡಗಿದಳು. ಅಬೂಬಕರ್ ಬಂದರು, ಬಡಿಯುತ್ತಲೇ ಇದ್ದಳು. ಅಲಿ ಬಂದರು, ಉಸ್ಮಾನ್ ಬಂದರು, ನಿಲ್ಲಿಸಲಿಲ್ಲ. ಉಮರ್ (ರ) ಒಳಗೆ ಕಾಲಿಟ್ಟದ್ದೇ ತಡ, ದಫ್ ಅನ್ನು ಕೆಳಗೆ ಹಾಕಿ ಅದರ ಮೇಲೇ ಕೂತುಬಿಟ್ಟಳು. ಆ ದಿನ ಹುಡುಗ ತೊಡೆ ಕೆಳಗೆ ದಫ್ ಸರಿಸಿಕೊಂಡಾಗ ನನಗೆ ತಟ್ಟನೆ ನೆನಪಾದದ್ದು ಇವಳೇ. ಒಂದು ವ್ಯತ್ಯಾಸ ಇದೆ. ಅವಳು ಉಮರ್ ಬರುವ ಮೊದಲು ಹಾಡಿ ಹರಕೆ ತೀರಿಸಿದ್ದಳು.

ಇಮಾಮ್ ನವವಿಯವರ 'ಮಿನ್ಹಾಜ್' ಶಾಫಿಈ ಮದ್‌ಹಬ್‌ನ ಆಧಾರ ಗ್ರಂಥ. 13ನೇ ಶತಮಾನದ್ದು. ಅದರಲ್ಲಿ ಈ ವಿಷಯ ಎಷ್ಟು ಬಿಡಿಬಿಡಿಯಾಗಿದೆ ಅಂದರೆ ಓದಿದವರಿಗೆ ಆಶ್ಚರ್ಯವಾಗಬೇಕು. ತಂಬೂರಿ, ಊದ್, ತಾಳ, ಇರಾಕಿ ಊದುವಾದ್ಯ ಹರಾಮ್. ದಫ್ ಮದುವೆಗೂ ಸುನ್ನತಿಗೂ (ಖತ್ನಾ) ಅನುಮತಿ. ಬೇರೆ ಸಂದರ್ಭಕ್ಕೂ ಅನುಮತಿ, ಹೆಚ್ಚು ಸರಿಯಾದ ಅಭಿಪ್ರಾಯದ ಪ್ರಕಾರ. ಅದರಲ್ಲಿ ಬಿಲ್ಲೆಗಳಿದ್ದರೂ ಸರಿ! ಹುಡುಗ ಕಿತ್ತ ಬಿಲ್ಲೆಗಳ ವಿಷಯ ಅಲ್ಲಿ ಹೆಸರಿಟ್ಟು ಬರೆದಿದೆ. ಬಿಲ್ಲೆ ಬೇಡ ಅನ್ನುವ ಬೇರೆ ಫುಖಹಾಗಳೂ (ಧರ್ಮಶಾಸ್ತ್ರಜ್ಞರೂ) ಇದ್ದಾರೆ, ಅವರ ಮಾತು ಕೇಳಿ ಕಿತ್ತದ್ದು ಅವನ ಎಚ್ಚರಿಕೆ, ತಪ್ಪಲ್ಲ. 'ಕೂಬಾ' ಎಂಬ ಡೋಲು ಮಾತ್ರ ಹರಾಮ್, ಉದ್ದಕ್ಕಿದ್ದು ನಡು ಸಣ್ಣಗಿರುವುದು. ಕುರಿ ಕಾಯುವವರ ಕೊಳಲಿನ ಬಗ್ಗೆ ಆ ಮದ್‌ಹಬ್‌ನ ಎರಡು ಕಂಬಗಳೇ ಬೇರೆ ಬೇರೆ ಹೇಳಿವೆ. ಇಮಾಮ್ ರಾಫಿಈ ಆಗುತ್ತದೆ ಅಂದರು, ನವವಿ ಆಗುವುದಿಲ್ಲ ಅಂದರು.

ಆ ಕೊಳಲಿಗೂ ಒಂದು ಹದೀಸ್ ಇದೆ. ಇಬ್ನು ಉಮರ್ (ರ) ದಾರಿಯಲ್ಲಿ ಕುರುಬನ ಕೊಳಲು ಕೇಳಿ ಕಿವಿಗೆ ಬೆರಳಿಟ್ಟುಕೊಂಡರು. ದಾರಿ ಬದಲಿಸಿದರು. ಜೊತೆಗಿದ್ದ ನಾಫಿಅನಿಗೆ "ಕೇಳ್ತಿದೆಯಾ" ಅಂತ ಕೇಳುತ್ತಾ ಹೋದರು, ಇಲ್ಲ ಅಂದ ಮೇಲೆ ಬೆರಳು ತೆಗೆದರು. ಪ್ರವಾದಿಯವರೂ ಹೀಗೆ ಮಾಡಿದ್ದನ್ನು ನೋಡಿದ್ದೆ ಅಂದರು. ಹರಾಮ್ ಅನ್ನುವವರಿಗೆ ಇದು ದೊಡ್ಡ ಪುರಾವೆ. ಹರಾಮ್ ಆಗಿದ್ದರೆ ನಾಫಿಅನ ಕಿವಿ ಯಾಕೆ ಮುಚ್ಚಿಸಲಿಲ್ಲ ಅಂತ ಎದುರು ಕಡೆಯವರು ಕೇಳುತ್ತಾರೆ. ಇದನ್ನು ದಾಖಲಿಸಿದ ಅಬೂದಾವೂದ್ ಅವರೇ ಇದು 'ಮುನ್ಕರ್' (ಒಪ್ಪಲಾಗದ ವರದಿ) ಅಂದದ್ದೂ ಇದೆ. ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ಆ ಕುರುಬ. ಅವನ ಹತ್ತಿರ ಯಾರೂ ಹೋಗಿ ಕೊಳಲು ಕಿತ್ತುಕೊಳ್ಳಲಿಲ್ಲ. ಬೇಡದವರು ತಮ್ಮ ಕಿವಿ ತಾವು ಮುಚ್ಚಿಕೊಂಡರು.

ಎಲ್ಲ ವಾದ್ಯವೂ ಸರಿ ಅನ್ನುವವರು ಕಡಿಮೆ. ಇಲ್ಲವೇ ಇಲ್ಲ ಅಂತಲ್ಲ. ಇಬ್ನು ಹಝ್ಮ್ ಇದ್ದಾರೆ. ದಮಾಸ್ಕಸ್‌ನ ಹನಫಿ ವಿದ್ವಾಂಸ ಅಬ್ದುಲ್ ಗನಿ ನಾಬುಲುಸಿ (ನಿಧನ 1731) ವಾದ್ಯ ಕೇಳುವುದರ ಪರವಾಗಿ ಒಂದು ಗ್ರಂಥವನ್ನೇ ಬರೆದರು. ಯೆಮೆನ್‌ನ ಶೌಕಾನಿ, ಈ ವಿಷಯದಲ್ಲಿ ಇಜ್ಮಾ (ಪಂಡಿತರ ಒಮ್ಮತ) ಇದೆ ಎಂಬ ಮಾತೇ ಸರಿಯಲ್ಲ ಅಂತ ಬರೆದರು. ನಮ್ಮ ಕಾಲಕ್ಕೆ ಬಂದರೆ ಈಜಿಪ್ಟಿನ ಅಲ್ ಅಝ್‌ಹರ್ ವಿದ್ಯಾಪೀಠದ ಶೈಖ್ (ಮುಖ್ಯಸ್ಥ) ಆಗಿದ್ದ ಮಹಮೂದ್ ಶಲ್ತೂತ್, ಆಮೇಲೆ ಯೂಸುಫ್ ಕರದಾವಿ. ಇವರ ಮಾತಿಗೆ ಉತ್ತರ ಬರೆದವರು ಇವರಿಗಿಂತ ಜಾಸ್ತಿ. ಆದರೆ ಬರೆದರು, ಪುಟಗಟ್ಟಲೆ ಬರೆದರು. ಮೈಕ್ ಆಫ್ ಮಾಡಿ ಮುಗಿಸಲಿಲ್ಲ.

ಸೂಫಿಗಳ ವಿಷಯ ಬಂದರೆ ನಾವು ಎಲ್ಲರನ್ನೂ ಒಂದೇ ಚೀಲಕ್ಕೆ ಹಾಕುತ್ತೇವೆ. ರೂಮಿಯವರ ಮೆವ್ಲೆವಿ ತರೀಕತ್‌ನವರು (ಸೂಫಿ ಪಂಥ) 'ನೇ' ಎಂಬ ಜೊಂಡಿನ ಕೊಳಲನ್ನು ತಮ್ಮ ಸಮಾದ (ಭಕ್ತಿ ಹಾಡು ಕೇಳುವ ಕೂಟ) ನಡುವೆ ಇಟ್ಟುಕೊಂಡರು. ನಕ್ಷಬಂದಿ ಪಂಥದವರು ಬಹುತೇಕ ಮೌನ ಝಿಕ್ರ್‌ನವರು (ಅಲ್ಲಾಹನ ಸ್ಮರಣೆ). ದೆಹಲಿಯ ನಿಝಾಮುದ್ದೀನ್ ಔಲಿಯಾ (ನಿಧನ 1325) ಸಮಾದ ದೊಡ್ಡ ಪ್ರೇಮಿ, ಅದಕ್ಕಾಗಿ ಸುಲ್ತಾನನ ದರ್ಬಾರಿನಲ್ಲಿ ಉಲಮಾಗಳ ಎದುರು ಉತ್ತರ ಕೊಡಬೇಕಾಗಿ ಬಂತು. ಅದೇ ನಿಝಾಮುದ್ದೀನ್ ಸಮಾಗೆ ಹಾಕಿದ ಷರತ್ತು ನೋಡಿ. ಹಾಡುವವನು ಪ್ರಾಯದ ಗಂಡಸಾಗಿರಬೇಕು. ಕೇಳುವವನ ಮನಸ್ಸು ಅಲ್ಲಾಹನ ನೆನಪಿನಲ್ಲಿರಬೇಕು. ಹಾಡಿನಲ್ಲಿ ಅಶ್ಲೀಲ, ಅಪಹಾಸ್ಯ ಇರಬಾರದು. ಚಂಗ್, ರಬಾಬ್‌ನಂಥ ವಾದ್ಯ ಇರಬಾರದು. ಈಗ ಅವರ ದರ್ಗಾದಲ್ಲೇ ಕವ್ವಾಲಿಗೆ ಹಾರ್ಮೋನಿಯಂ ಬೇಕು, ಅದು ಯುರೋಪಿನಿಂದ 19ನೇ ಶತಮಾನದಲ್ಲಿ ಬಂದದ್ದು. ಅಹ್ಮದ್ ರಝಾ ಖಾನ್ ಬರೇಲ್ವಿಯವರು ವಾದ್ಯದ ಕವ್ವಾಲಿ ಹರಾಮ್ ಅಂದರು, ದೇವಬಂದ್‌ನವರೂ ಅದನ್ನೇ ಅಂದರು. ಎಷ್ಟೊಂದು ವಿಷಯಕ್ಕೆ ಜಗಳವಾಡುವ ಎರಡು ಕಡೆಯವರು ಇಲ್ಲಿ ಒಂದೇ ಮಾತು! ಶಿಯಾ ಮುಜ್ತಹಿದ್‌ಗಳು (ಹಿರಿಯ ಪಂಡಿತರು) ಇನ್ನೊಂದು ಅಳತೆ ಇಡುತ್ತಾರೆ. ಮೋಜಿನ ಕೂಟಕ್ಕೆ ತಕ್ಕಂಥ ಸಂಗೀತ ಹರಾಮ್ ಅನ್ನುತ್ತಾರೆ.

ಇಮಾಮ್ ಗಝಾಲಿಯವರ (ನಿಧನ 1111) ಮಾತೂ ಇದಕ್ಕೆ ಹತ್ತಿರವಾಗಿದೆ. 'ಇಹ್ಯಾ' ಎಂಬ ತಮ್ಮ ಗ್ರಂಥದಲ್ಲಿ ಅವರು ಕೇಳುತ್ತಾರೆ, ಚಂದದ ಸದ್ದು ಎಂಬ ಕಾರಣಕ್ಕೆ ವಾದ್ಯ ಹರಾಮ್ ಆದದ್ದಾದರೆ ಹಕ್ಕಿಯ ದನಿ ಯಾಕೆ ಹರಾಮ್ ಆಗಲಿಲ್ಲ? ತಂತಿವಾದ್ಯ, ಊದುವ ವಾದ್ಯ ನಿಷೇಧವಾದದ್ದು ಅವು ಕುಡುಕರ ಕೂಟದ ಗುರುತಾಗಿದ್ದವು ಅಂತ, ಕೇಳಿದ ಕೂಡಲೇ ಆ ಕೂಟವೇ ನೆನಪಾಗುತ್ತದೆ ಅಂತ. ದಫ್‌ಗೆ ಆ ಕಳಂಕ ಇಲ್ಲ, ಅದು ನಿಷೇಧವಾಗಲಿಲ್ಲ.

ಈ ಅಳತೆಗೋಲು ಹಿಡಿದು ನಮ್ಮ ಮಜ್ಲಿಸ್‌ಗೆ ಬನ್ನಿ. ಆ ದಿನ ಹುಡುಗನ ಆಮೇಲೆ ಹಾಡಿದವರೊಬ್ಬರ ಮೊದಲ ಸಾಲು ಮುಗಿಯುವ ಮುಂಚೆಯೇ ನನ್ನ ಹಿಂದೆ ಕೂತವರು ಅದು ಯಾವ ಸಿನಿಮಾದ ರಾಗ ಅಂತ ಪಿಸುಗುಟ್ಟಿದರು. ನನಗೂ ಗೊತ್ತಾಗಿತ್ತು, ಸುಳ್ಳು ಯಾಕೆ ಹೇಳಲಿ. ಪ್ರವಾದಿಯವರ ಹೊಗಳಿಕೆ ಕಿವಿಗೆ ಬೀಳುತ್ತಿತ್ತು, ಕಣ್ಣೆದುರಿಗೆ ನಾಯಕ ನಾಯಕಿ ಮಳೆಯಲ್ಲಿ ಓಡುತ್ತಿದ್ದರು. ವಾದ್ಯ ಒಂದೂ ಇರಲಿಲ್ಲ. ಗಝಾಲಿಯವರನ್ನು ಕೇಳಿದರೆ ಯಾವುದಕ್ಕೆ ಮೈಕ್ ಆಫ್ ಮಾಡಿ ಅನ್ನುತ್ತಿದ್ದರು?

ದಫ್ ವಿರುದ್ಧ ನನಗೆ ನಿಜವಾಗಿ ತೂಕದ್ದು ಅನಿಸುವ ಮಾತು ಬೇರೆ ಇದೆ. ನೀವು ಅದನ್ನು ಹೇಳಿದ್ದರೆ ಬಹುಶಃ ಈ ಪತ್ರ ಬರೆಯುತ್ತಿರಲಿಲ್ಲ. ಮದುವೆಯಲ್ಲಿ ದಫ್ ಬಡಿಯುವುದು ಸಂತೋಷಕ್ಕೆ. ಅದನ್ನೇ ಇಬಾದತ್ (ಆರಾಧನೆ) ಅಂತ, ಅಲ್ಲಾಹನ ಹತ್ತಿರ ಹೋಗುವ ದಾರಿ ಅಂತ ಬಡಿಯುವುದು ಬೇರೆ. ಬಾಗ್ದಾದ್‌ನಲ್ಲಿ 'ತಗ್‌ಬೀರ್' ಅಂತ ಒಂದು ಪದ್ಧತಿ ಇತ್ತು, ಕೋಲಿನಿಂದ ತಾಳ ಹಾಕುತ್ತಾ ಭಕ್ತಿ ಕವಿತೆ ಹಾಡುವುದು. ಜನರನ್ನು ಕುರ್‌ಆನ್‌ನಿಂದ ಬೇರೆ ಕಡೆ ಸೆಳೆಯಲು ಅದನ್ನು ಕಟ್ಟಿದ್ದಾರೆ ಅಂತ ಇಮಾಮ್ ಶಾಫಿಈ ಸಿಟ್ಟಾಗಿದ್ದರು. ಇಮಾಮ್ ಅಹ್ಮದ್ ಅದನ್ನು ಹೊಸದಾಗಿ ಹುಟ್ಟಿಸಿದ್ದು ಅಂದರು. ಇಬ್ನು ತೈಮಿಯ್ಯಾ ಇದೇ ಎಳೆ ಹಿಡಿದು ಉದ್ದಕ್ಕೆ ಬರೆದರು. ಅವರ ಆಕ್ಷೇಪ ವಾದ್ಯಕ್ಕಿಂತ ಜಾಸ್ತಿ ನಿಯ್ಯತ್ (ಉದ್ದೇಶ) ಮೇಲೆ. ಇದನ್ನು ನಾನು ಒಪ್ಪುತ್ತೇನೆ. ಮದ್‌ಹ್ ಹಾಡುವಾಗ ದಫ್ ಇದ್ದರೆ ಸವಾಬ್ (ಪುಣ್ಯ) ಜಾಸ್ತಿ ಅಂತ ಯಾರಾದರೂ ಅಂದರೆ ನಾನೂ ಬೇಡ ಅನ್ನುತ್ತೇನೆ.

ಆದರೆ ಇದೇ ಮಾತನ್ನು ಆ ರೆಕಾರ್ಡ್‌ಗೆ ಹಚ್ಚಿ ನೋಡಿ. ಅಲ್ಲಿ ಮರ ಇಲ್ಲ, ಚರ್ಮ ಇಲ್ಲ. ಇಬಾದತ್ತನ್ನೇ ವಾದ್ಯ ಮಾಡಿದ್ದಾರೆ. ಐದು ನಿಮಿಷದ ನಾತ್‌ನಲ್ಲಿ ನಿಮಿಷಕ್ಕೆ 90 ಪೆಟ್ಟು ಅಂತ ಹಿಡಿದರೂ 450 ಸಲ ಆ ಹೆಸರು ಬಡಿಯುತ್ತದೆ. ಅದರಲ್ಲಿ ಒಂದು ಸಲವಾದರೂ ಯಾರಾದರೂ ಅಲ್ಲಾಹನನ್ನು ನೆನೆದರಾ? ಹೇಳಿದವನು ಒಂದೇ ಸಲ ಹೇಳಿ ಮನೆಗೆ ಹೋಗಿದ್ದಾನೆ, ಉಳಿದ 449 ಕಂಪ್ಯೂಟರ್ ಹೇಳಿದ್ದು. ಕೇಳುವವನಿಗೆ ಅದು ಹೆಸರು ಅಂತಲೇ ಗೊತ್ತಿಲ್ಲ, ತಲೆ ಅಲ್ಲಾಡಿಸುತ್ತಾನೆ. ಹೆಸರಿನ ಅಕ್ಷರಗಳೂ ಪೂರ್ತಿ ಇಲ್ಲ. ಮೊದಲ ಅಲಿಫ್ ಹೋಗಿದೆ, ಕೊನೆಯ 'ಹ್' ಬರೀ ಉಸಿರಿನ ಗುದ್ದು. ನಿಮ್ಮ ರಬ್ಬನನ್ನು (ಪ್ರಭುವನ್ನು) ಮನಸ್ಸಿನೊಳಗೆ ವಿನಯದಿಂದ, ಭಯದಿಂದ, ದನಿ ಏರಿಸದೆ ನೆನೆಯಿರಿ ಅಂತ ಅಅ್‌ರಾಫ್ ಅಧ್ಯಾಯದ 205ನೇ ಆಯತ್ ಹೇಳುತ್ತದೆ. ಆ ಆಯತ್ ಓದಿದವರಿಗೆ ಇದನ್ನು ಕೇಳುತ್ತಾ ಕೂರಲು ಹೇಗೆ ಮನಸ್ಸಾಗುತ್ತದೆ?

ಝಿಕ್ರ್ ಅನ್ನು ಹೀಗೆ ಹಿನ್ನೆಲೆ ತಾಳ ಮಾಡುವುದನ್ನು ಬೇರೆ ಬೇರೆ ಪಂಗಡದ ಮುಫ್ತಿಗಳು ತಪ್ಪು ಅಂತ ಬರೆದಿದ್ದಾರೆ. ಹೊಸ ಮಾತೇನಲ್ಲ. ಬಾಯಿಯಿಂದಲೇ ಡ್ರಮ್‌ನ ಸದ್ದು ಮಾಡುವ ಬಗ್ಗೆಯೂ ಚರ್ಚೆ ಇದೆ, ವಾದ್ಯಕ್ಕೂ ಅದಕ್ಕೂ ಕಿವಿಗೆ ವ್ಯತ್ಯಾಸ ಗೊತ್ತಾಗದಿದ್ದರೆ ಹುಕುಮ್ (ಧರ್ಮದ ತೀರ್ಪು) ಕೂಡ ಅದರದ್ದೇ ಅಂತ ಕೆಲವರು. ಮನುಷ್ಯನ ದನಿ ವಾದ್ಯವಾಗುವುದಿಲ್ಲ ಅಂತ ಬೇರೆಯವರು. ಅದನ್ನು ಬಲ್ಲವರು ನೋಡಿಕೊಳ್ಳಲಿ. ನನ್ನ ತಲೆಗೆ ಹೋಗದ ಸಂಗತಿ, ವಾದ್ಯದಿಂದ ತಪ್ಪಿಸಿಕೊಳ್ಳುವ ಹಟದಲ್ಲಿ ಎಲ್ಲಿಗೆ ಬಂದು ನಿಂತೆವು ಎಂಬುದು. ಚರ್ಮದ ದಫ್ ಬೇಡ, ಅಲ್ಲಾಹನ ಹೆಸರಿನ ದಫ್ ಆಗಬಹುದು!

ರುಬಯ್ಯಿಅ್ (ರ) ಅವರ ಮದುವೆಯ ಹದೀಸ್ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮದುವೆಯ ಬೆಳಗ್ಗೆ ಪ್ರವಾದಿಯವರು (ಸ) ಬಂದು ಕೂತಿದ್ದಾರೆ. ಪುಟ್ಟ ಹುಡುಗಿಯರು ದಫ್ ಬಡಿಯುತ್ತಾ ಬದ್ರ್ ಯುದ್ಧದಲ್ಲಿ ತೀರಿಕೊಂಡ ಹಿರಿಯರನ್ನು ನೆನೆದು ಹಾಡುತ್ತಿದ್ದಾರೆ. ನಡುವೆ ಒಬ್ಬಳು, ನಾಳೆ ಏನಾಗುತ್ತದೆ ಅಂತ ಬಲ್ಲ ಪ್ರವಾದಿ ನಮ್ಮಲ್ಲಿದ್ದಾರೆ ಅಂತ ಒಂದು ಸಾಲು ಸೇರಿಸಿದಳು. ಪ್ರವಾದಿಯವರು ತಡೆದರು. ಅದನ್ನು ಬಿಡು, ಮೊದಲು ಏನು ಹೇಳುತ್ತಿದ್ದೆಯೋ ಅದನ್ನೇ ಹೇಳು ಅಂದರು. ದಫ್ ನಿಲ್ಲಿಸಲಿಲ್ಲ. ಹುಡುಗಿಯನ್ನು ಎಬ್ಬಿಸಿ ಕಳಿಸಲಿಲ್ಲ. ಒಂದು ಸಾಲು ತಿದ್ದಿದರು, ಹಾಡು ಮುಂದುವರಿಯಿತು. ಹಾಡಿದ್ದು ತಮ್ಮದೇ ಹೊಗಳಿಕೆ, ಆದರೂ ತಿದ್ದಿದರು ಎಂಬುದನ್ನು ಗಮನಿಸಿ.

ನಮ್ಮ ಸಮಿತಿಗಳಲ್ಲಿ ಹಾಡಿನ ಸಾಲು ಮೊದಲೇ ಓದಿ ನೋಡುವವರು ಯಾರಿದ್ದಾರೆ? ಯಾರೂ ಇಲ್ಲ. ಸೌಂಡ್‌ಗೆ ಒಬ್ಬರು, ಲೈಟ್‌ಗೆ ಒಬ್ಬರು, ಕುರ್ಚಿಗೆ ಇಬ್ಬರು ಇರುತ್ತಾರೆ. ಪ್ರವಾದಿಯವರು ಹೇಳದ್ದನ್ನು, ಮಾಡದ್ದನ್ನು ಅವರ ಹೆಸರಿಗೆ ಕಟ್ಟಿದ ಸಾಲುಗಳು ಎಷ್ಟು ಸಲ ಸ್ಪೀಕರ್‌ನಲ್ಲಿ ಹೋಗಿವೆ. ಪ್ರವಾದಿಯವರು ಮಕ್ಕಾದಿಂದ ಮದೀನಾಕ್ಕೆ ಹಿಜ್ರಾ (ವಲಸೆ) ಬಂದಾಗ ಹಾಡಿದ್ದು ಅಂತ ನಾವೆಲ್ಲ ಬಾಯಿಪಾಠ ಮಾಡಿರುವ 'ತಲಅಲ್ ಬದ್ರು' ಎಂಬ ಆ ಸ್ವಾಗತ ಗೀತೆಯ ಸನದ್ ಕೂಡ ಗಟ್ಟಿಯಿಲ್ಲ. ಅದರಲ್ಲಿ ಬರುವ ವದಾಅ್ ಕಣಿವೆ ಇರುವುದು ಶಾಮ್ (ಸಿರಿಯಾ) ಕಡೆಗೆ, ಮಕ್ಕಾ ಕಡೆಗಲ್ಲ, ಆದ್ದರಿಂದ ಅದು ತಬೂಕ್ ದಂಡಯಾತ್ರೆಯಿಂದ ಮರಳಿದಾಗಿನದ್ದು ಅಂತ ಇಬ್ನುಲ್ ಕಯ್ಯಿಮ್ ತೋರಿಸಿದ್ದಾರೆ. ಹಾಡಬೇಡಿ ಅಂತಲ್ಲ, ನಾನೂ ಹಾಡುತ್ತೇನೆ. ಸಾಲುಗಳ ಬಗ್ಗೆ ಇಷ್ಟು ಎಚ್ಚರ ಹಿಂದಿನವರಿಗಿತ್ತು ಅಂತ ಹೇಳಿದೆ.

ಈಗ ಕೇಳಿಕೊಳ್ಳುವುದು ಇಷ್ಟು. ಮಜ್ಲಿಸ್‌ನಲ್ಲಿ ದಫ್ ಬೇಡ ಅಂತ ನಿಮ್ಮ ತೀರ್ಮಾನವಾದರೆ ಹಾಗೇ ಇರಲಿ, ಅದು ನಿಮ್ಮ ಹಕ್ಕು. ಮೊದಲೇ ತಿಳಿಸಿ. ಕಾರಣ ಹೇಳುವಾಗ "ನಾವು ಈ ಅಭಿಪ್ರಾಯ ಅನುಸರಿಸುತ್ತೇವೆ" ಅನ್ನಿ. "ಇಸ್ಲಾಮ್‌ನಲ್ಲಿ ಇಲ್ಲವೇ ಇಲ್ಲ" ಅನ್ನಬೇಡಿ, ಮಿನ್ಹಾಜ್ ಓದಿದ ಮಕ್ಕಳೂ ಕೂತಿರುತ್ತಾರೆ. ಝಿಕ್ರ್ ಅನ್ನು ತಾಳ ಮಾಡಿದ ರೆಕಾರ್ಡ್‌ಗಳನ್ನು ನಿಲ್ಲಿಸಿ, ಇದರಲ್ಲಿ ನಾನು ಚೌಕಾಸಿಗೆ ಬರುವುದಿಲ್ಲ. ರೆಕಾರ್ಡ್ ಮಾಡುವ ಸಹೋದರರೇ, ತಾಳ ಬೇಕೇ ಬೇಕು ಅಂತಿದ್ದರೆ ಒಂದು ದಫ್ ಬಡಿಯಿರಿ, ಇಲ್ಲವೇ ಬರೀ ಗಂಟಲಲ್ಲಿ ಹಾಡಿ. ಅಬೂ ಮೂಸಾ ಅಶ್‌ಅರಿಯವರ (ರ) ಕುರ್‌ಆನ್ ಪಾರಾಯಣ ಕೇಳಿ, ಪ್ರವಾದಿ ದಾವೂದರ ಮನೆತನದ ಕೊಳಲುಗಳಲ್ಲಿ ಒಂದು ನಿನಗೆ ಸಿಕ್ಕಿದೆ ಅಂತ ಪ್ರವಾದಿಯವರು ಹೇಳಿದ್ದು ಬರೀ ದನಿಯ ಬಗ್ಗೆ. ಸಿನಿಮಾ ರಾಗಗಳನ್ನು ಬಿಡಿ. ಹಾಡುವ ಮುಂಚೆ ಸಾಲುಗಳನ್ನು ಒಬ್ಬ ಉಸ್ತಾದರಿಗೆ ತೋರಿಸಿ.

ಮತ್ತೆ ಆ ಹುಡುಗ. ಮಜ್ಲಿಸ್ ಮುಗಿದ ಮೇಲೆ ಚಪ್ಪಲಿ ಹುಡುಕುವಾಗ ಸಿಕ್ಕಿದ. ದಫ್ ಚೀಲದೊಳಗಿತ್ತು. ಇನ್ನೊಂದು ಸಲ ಬರ್ತೀಯಾ ಅಂತ ಕೇಳಿದೆ, ಗೊತ್ತಿಲ್ಲ ಅಂದ. ಅವನು ಹಾಡಬೇಕಿದ್ದ ಪೂರ್ತಿ ಸಾಲುಗಳನ್ನು ಅಲ್ಲೇ ಮೆಟ್ಟಿಲ ಹತ್ತಿರ ಕೇಳಿಸಿಕೊಂಡೆ, ದಫ್ ಇಲ್ಲದೆ. ಒಂದು ಸಾಲೂ ತಿದ್ದುವಂತಿರಲಿಲ್ಲ. ಗದರಿದವರು ಅವನನ್ನು ಮುಂದಿನ ಸಲ ತಾವೇ ಕರೆದರೆ ಬರುತ್ತಾನೆ ಅಂತ ನನ್ನ ಅಂದಾಜು. ದಫ್ ಜೊತೆಗೋ, ದಫ್ ಇಲ್ಲದೆಯೋ, ನೀವು ಹೇಳಿದ ಹಾಗೆ. ದಫ್ ಜೊತೆಗೆ ಅಂತಾದರೆ ಬೆಳಗ್ಗೆಯೇ ಹೇಳಿಬಿಡಿ. ಚರ್ಮಕ್ಕೆ ಸ್ವಲ್ಪ ಬಿಸಿಲು ಬೇಕು.

ವಸ್ಸಲಾಮ್,
ಕೊನೆ ಸಾಲಿನ ಕೇಳುಗ